ಪಿಸುಮಾತಿನ ಮಗ್ಗಿ

ದಾಸರಹಳ್ಳಿಯ ಸೊಣ್ಣಮ್ಮನ ವಠಾರದಲ್ಲಿ ಮಕ್ಕಳಿದ್ದೂ ಸದ್ದಿಲ್ಲದ ಮನೆಯೆಂದರೆ ಪ್ರಭಾಳದು ಒಂದೇ. ಉಳಿದ ಮನೆಗಳಲ್ಲಿ ಬೆಳಗಾದರೆ ಅಳು, ಬೈಗುಳ, ಕೊಡಗಳ ಸದ್ದು. ಇವಳ ಬಾಗಿಲಿಗೆ ಕಿವಿಯಿಟ್ಟರೂ ಏನೂ ಕೇಳಿಸದು. ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಸೊಣ್ಣಮ್ಮ ಕೆಣಕುತ್ತಿದ್ದಳು: "ಏನ್ ಪ್ರಭಮ್ಮ, ಮಕ್ಕಳ ಬಾಯ್ಗೆ ಅರಳೆ ತುರ್ಕಿದೀಯಾ? ಇಂಗೇ ಬುಟ್ರೆ ಮೂಗ್ರಾಗೋಯ್ತಾವೆ ನೋಡು." ಪ್ರಭಾ ತುಟಿಯ ಮೇಲೆ ಬೆರಳಿಟ್ಟು, ಒಳಗೆ ಮಲಗಿದ್ದ ಗಂಡನ ಕಡೆ ಕಣ್ಣು ತೋರಿಸುವಳು. ಸೊಣ್ಣಮ್ಮ ಸೆರಗು ಬಾಯಿಗೆ ಹಿಡಿದು ಹೊರಟುಹೋಗುವಳು.

ಇದಕ್ಕೆಲ್ಲ ಮೂಲ ತುಮಕೂರು ರಸ್ತೆ. ಮನೆ ಈ ಕಡೆ, ಶಾಲೆ ಆ ಕಡೆ, ನಡುವೆ ಪೀಣ್ಯದ ಕಾರ್ಖಾನೆಗಳಿಗೆ ಕಬ್ಬಿಣ ಹೊತ್ತು ಓಡುವ ಲಾರಿಗಳು. ಮಗಳು ವೇಣಿಯನ್ನು ಒಂದನೇ ಕ್ಲಾಸಿಗೆ ಸೇರಿಸಿದ ವಾರವೇ ಅದು ನಡೆಯಿತು. ಒಂದು ಕೈಯಲ್ಲಿ ವೇಣಿ, ಇನ್ನೊಂದು ಕೈಯಲ್ಲಿ ಅವಳ ತಮ್ಮ ಪುಟ್ಟಣ್ಣ. ರಸ್ತೆ ದಾಟುವಾಗ ವೇಣಿಯ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಹುಡುಗಿ ಕೈ ಕೊಸರಿಕೊಂಡು ಚಪ್ಪಲಿಗೆ ಓಡಿದಳು. ಲಾರಿ ನಿಂತಿತು, ನಿಜ. ಆದರೆ ಮಗುವಿನ ಮುಖಕ್ಕೆ ಎಂಜಿನ್ನಿನ ಶಾಖ ಬಡಿಯುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ತೆಲುಗಿನಲ್ಲಿ ಬೈದ. ಪ್ರಭಾ ಇಬ್ಬರನ್ನೂ ಎಳೆದುಕೊಂಡು ಮನೆಗೆ ಬಂದವಳು, ಗಂಡನಿಗೆ "ಇನ್ಮೇಲೆ ನಾನೇ ಮನೇಲಿ ಕಲಿಸ್ತೀನಿ ಕಣ್ರೀ" ಎಂದುಬಿಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು, ಧೈರ್ಯಕ್ಕೇನು ಬರ?

ಗಂಡ ಜಯಸಿಂಹ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿನ ಕೆಲಸಗಾರ. ಅವನಿಗೆ ರಾತ್ರಿ ಪಾಳಿಯೇ ಹೆಚ್ಚು. ಬೆಳಿಗ್ಗೆ ಬಂದು, ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಮಂಚ ಏರಿದರೆ ಸಾಯಂಕಾಲದವರೆಗೆ ನಿದ್ದೆ. ಇರುವುದೊಂದೇ ಕೋಣೆ, ಅದರ ಪಕ್ಕಕ್ಕೆ ಅಡುಗೆಮನೆ. ಮೊದಮೊದಲು ಮಕ್ಕಳು ಮಂಚದ ಪಕ್ಕದಲ್ಲೇ ಕಾಗುಣಿತ ಕೂಗುತ್ತಿದ್ದವು. ಒಂದು ದಿನ ಹಾಗೆ ಕೂಗಿದ್ದರಿಂದ ಜಯಸಿಂಹನಿಗೆ ನಿದ್ದೆ ಹತ್ತಲಿಲ್ಲ. ಅಂದಿನ ಪಾಳಿ ಮುಗಿಸಿ ಬಂದಾಗ ಅವನ ಬಲಗೈ ಬೆರಳಿಗೆ ದಪ್ಪ ಬ್ಯಾಂಡೇಜು. "ಏನಿಲ್ಲ, ತೂಕಡಿಸ್ಬಿಟ್ಟೆ" ಎಂದ. ಅವನು ಯಾರನ್ನೂ ದೂರಲಿಲ್ಲ. ದೂರಿದ್ದರೆ ಜಗಳವಾಡಿ ಮರೆಯಬಹುದಿತ್ತು. ಆ ಬ್ಯಾಂಡೇಜನ್ನು ಪ್ರಭಾ ಮರೆಯಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂದೇ ಕಾನೂನು: ಅಪ್ಪ ಮಲಗಿದ್ದಾಗ ಗಂಟಲು ತೆಗೆಯುವಂತಿಲ್ಲ. ಬಳಪ ಕಿರ್ ಎನ್ನದಂತೆ ನೀರಿಗೆ ಅದ್ದಿ ಬರೆಯುವುದು. ಪ್ರಭಾಳ ಬಳೆಗಳು ಮೊಣಕೈವರೆಗೆ ಏರಿ, ಮೇಲೊಂದು ಬಟ್ಟೆ ಸುತ್ತಿಸಿಕೊಂಡವು. ಕುಕ್ಕರಿನ ಸೀಟಿ ಬೇಡವೆಂದು ಅನ್ನ ಪಾತ್ರೆಗೆ ಬಂತು. ಮಗ್ಗಿ ಪಿಸುಮಾತಿಗೆ ಇಳಿಯಿತು, ಆಮೇಲೆ ಬರೀ ತುಟಿಗೆ. ಮಕ್ಕಳ ತುಟಿ ನೋಡಿಯೇ ಏಳ್ನಾಲ್ಕ್ಲ ಇಪ್ಪತ್ತೆಂಟೋ ಇಪ್ಪತ್ತಾರೋ ಎಂದು ಪ್ರಭಾ ಹೇಳಬಲ್ಲವಳಾದಳು. ಪುಟ್ಟಣ್ಣ ಮರೆತು ದನಿಯೆತ್ತಿದರೆ ವೇಣಿಯೇ ಬೆರಳು ತುಟಿಗಿಟ್ಟು, "ಶ್! ಅಪ್ಪ ಮಲಗಿದಾರೆ" ಎನ್ನುವಳು. ತಾಯಿಯೇ ಮೊದಲ ಗುರು ಎಂದು ಭಾಷಣ ಮಾಡುವವರ ಮನೆಯಲ್ಲಿ ರಾತ್ರಿ ಪಾಳಿಯವರು ಯಾರೂ ಇರಲಿಕ್ಕಿಲ್ಲ.

ಇಷ್ಟರಲ್ಲಿ ಗುರುವಿನ ನಿದ್ದೆಯ ಗತಿಯೇನು? ಅದನ್ನು ಕೇಳಿದವರಿಲ್ಲ. ಕೋಳಿ ಕೂಗುವ ಮುಂಚೆ ಬೀದಿ ನಲ್ಲಿಯಲ್ಲಿ ನೀರು, ಆಮೇಲೆ ತಿಂಡಿ, ಗಂಡನ ಸ್ನಾನ, ಪಾಠ, ಅಡುಗೆ, ಮತ್ತೆ ಪಾಠ, ಬಟ್ಟೆ, ಬುತ್ತಿ. "ಮಧ್ಯಾಹ್ನ ಒಂದು ಗಳಿಗೆ ಒರಗಬಾರ್ದಾ?" ಎಂದು ಜಯಸಿಂಹ ಕೇಳಿದ್ದುಂಟು. ಕೇಳಿದ್ದು ಮಂಚದ ಮೇಲಿಂದ. ಒಂದೆರಡು ಸಲ ಅವಳು ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗಿದ್ದೂ ಆಯಿತು. ಕಣ್ಣು ಮುಚ್ಚಿದರೆ ಸಾಕು, ಭಾಗಾಕಾರ ಇನ್ನೂ ಶುರುವೇ ಮಾಡಿಲ್ಲವಲ್ಲ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಪುಟ್ಟಣ್ಣನಿಗೆ ಒತ್ತಕ್ಷರ ಬರುತ್ತಿಲ್ಲ. ವೇಣಿಯ ವಯಸ್ಸಿನವರು ಶಾಲೆಯಲ್ಲಿ ಎಲ್ಲಿಗೆ ಬಂದಿದ್ದಾರೋ ಏನೋ! ಅವಳು ಎದ್ದು ಕೂರುವಳು, ಸ್ಲೇಟು ಒರೆಸುವಳು, ಏನೂ ತೋಚದೆ ಡಬ್ಬಿಗಳನ್ನು ಸದ್ದಾಗದಂತೆ ಜೋಡಿಸಿಡುವಳು. ಮಕ್ಕಳನ್ನು ಲಾರಿಯಿಂದ ಉಳಿಸಿ ದಡ್ಡರನ್ನಾಗಿ ಮಾಡಿದೆನೇ ಎಂಬ ಹೆದರಿಕೆ ಅವಳನ್ನು ಕಿತ್ತು ತಿನ್ನುತ್ತಿತ್ತು.

ಹೀಗೆ ಮೂರು ವರ್ಷ ಕಳೆಯುವಷ್ಟರಲ್ಲಿ ಯಶವಂತಪುರದ ಒಂದು ಶಾಲೆ ದಾಸರಹಳ್ಳಿಗೂ ವ್ಯಾನು ಕಳಿಸುವುದಾಗಿ ಹೇಳಿತು. ವಠಾರದ ಬಾಗಿಲಿಗೇ ಬರುತ್ತದೆ, ರಸ್ತೆ ದಾಟುವ ಮಾತೇ ಇಲ್ಲ. ಆದರೆ ಮಕ್ಕಳನ್ನು ಬಾಯಿಪ್ರಶ್ನೆ ಕೇಳಿ ನೋಡುತ್ತಾರೆ. ಸರಿಯಾಗಿ ಹೇಳಿದರೆ ವೇಣಿಗೆ ನಾಲ್ಕನೇ ಕ್ಲಾಸು, ಪುಟ್ಟಣ್ಣನಿಗೆ ಎರಡನೆಯದು. ಇಲ್ಲವಾದರೆ ಇಬ್ಬರೂ ಒಂದನೇ ಕ್ಲಾಸಿನ ಬೆಂಚಿಗೆ. ಎಂಟು ತುಂಬಿದ ವೇಣಿ ಮೂಗು ಸುರಿಸುವ ಚಿಳ್ಳೆಪಿಳ್ಳೆಗಳ ನಡುವೆ ಕೂರುವುದನ್ನು ನೆನೆದೇ ಪ್ರಭಾ ಪಾಠದ ಹೊತ್ತನ್ನು ಇನ್ನೂ ಒಂದು ಗಂಟೆ ಹೆಚ್ಚಿಸಿದಳು.

ಬಾಯಿಪ್ರಶ್ನೆಯ ದಿನ ಜಯಸಿಂಹ ಪಾಳಿ ಮುಗಿಸಿ ನೇರವಾಗಿ ಶಾಲೆಗೇ ಬಂದ. ಕಣ್ಣು ಕೆಂಪಗಾಗಿದ್ದವು. ಹೆಡ್‌ಮೇಡಂ ರೂಮಿನಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಪ್ರಭಾ ಮಕ್ಕಳ ಹಿಂದೆ ನಿಂತಳು.

"ಏಳರ ಮಗ್ಗಿ ಹೇಳಮ್ಮ" ಎಂದರು ಹೆಡ್‌ಮೇಡಂ.

ವೇಣಿಯ ತುಟಿಗಳು ಆಡಿದವು. ದನಿ ಬರಲಿಲ್ಲ.

"ಜೋರಾಗಿ ಹೇಳು ಮರಿ."

ಮತ್ತೆ ತುಟಿಗಳು ಆಡಿದವು, ಅಷ್ಟೇ. ಪುಟ್ಟಣ್ಣನನ್ನು ಕೇಳಿದರೆ ಅವನೂ ಅಕ್ಕನ ಮುಖ ನೋಡಿ ಮೀನಿನ ಹಾಗೆ ಬಾಯಾಡಿಸಿದ. ಹೆಡ್‌ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಮನೇಲಿ ಕಲಿಸಿದೀನಿ ಅಂದ್ರಲ್ಲಮ್ಮಾ? ಒಂದನೇ ಕ್ಲಾಸಿಗೇ ಹಾಕೋಣ ಬಿಡಿ. ಏನೂ ಅವಸರ ಇಲ್ಲ."

ಮೂರು ವರ್ಷದ ನಿದ್ದೆ ನೀರಲ್ಲಿ ಹೋಮ ಮಾಡಿದಂತಾಯಿತಲ್ಲ! ಪ್ರಭಾ ಮಗಳ ತೋಳು ಚಿವುಟಬೇಕೆಂದು ಕೈ ಚಾಚಿದಳು. ಆಗ ಕಂಡಿತು: ವೇಣಿಯ ಕಣ್ಣು ಹೆಡ್‌ಮೇಡಂ ಮೇಲಿರಲಿಲ್ಲ, ಬಾಗಿಲ ಕಡೆಗಿತ್ತು. ಅಲ್ಲಿ ಜಯಸಿಂಹ ಗೋಡೆಗೆ ತಲೆಯೊರಗಿಸಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದ.

ಅಯ್ಯೋ ನನ್ನ ಕಂದಮ್ಮಗಳೇ ಎಂದು ಅವಳ ಕರುಳು ಚುರುಕ್ಕೆಂದಿತು. ಅವರು ಮರೆತಿರಲಿಲ್ಲ. ಅವಳು ಕಲಿಸಿದ್ದರಲ್ಲಿ ಒಂದಕ್ಷರವನ್ನೂ ಮರೆತಿರಲಿಲ್ಲ.

"ಏಳ್ರೀ ಮೇಲೆ!"

ಮೂರು ವರ್ಷದಿಂದ ಮನೆಯಲ್ಲಿ ಯಾರೂ ಕೇಳದ ದನಿ ಅದು. ಹೆಡ್‌ಮೇಡಂ ಕೈಯಿಂದ ಪೆನ್ನು ಬಿತ್ತು. ಜವಾನ ಬಂದು ಇಣುಕಿದ. ಜಯಸಿಂಹ ದಡಕ್ಕನೆ ಎದ್ದು ನಿಂತು, "ಸೈರನ್ ಆಯ್ತಾ?" ಎಂದ.

"ಸೈರನ್ ಅಲ್ಲ, ನಾನು! ಕಣ್ಣು ಬಿಟ್ಕೊಂಡು ನಿಂತಿರಿ." ಪ್ರಭಾ ತೋಳಿಗೆ ಸುತ್ತಿದ್ದ ಬಟ್ಟೆ ಕಿತ್ತಳು, ಬಳೆಗಳು ಜಣಜಣನೆ ಕೆಳಗೆ ಜಾರಿದವು. "ವೇಣಿ, ಅಪ್ಪ ಎದ್ದಿದಾರೆ ನೋಡು. ಈಗ ಹೇಳು."

ವೇಣಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಏಳೊಂದ್ಲ ಏಳು!" ಎಂದು ಕಿರುಚಿದಳು. "ಏಳೆರಡ್ಲ ಹದಿನಾಲ್ಕು!" ಪುಟ್ಟಣ್ಣನೂ ಸೇರಿಕೊಂಡ. ಏಳು ಮುಗಿದು ಎಂಟಾಯಿತು, ಯಾರೂ ಕೇಳದೆಯೇ ಒಂಬತ್ತು ಶುರುವಾಯಿತು. "ಸಾಕಮ್ಮಾ, ಸಾಕು ಕಣಪ್ಪಾ!" ಎಂದು ಹೆಡ್‌ಮೇಡಂ ಕಿವಿ ಮುಚ್ಚಿಕೊಂಡು ನಕ್ಕರು. ನಾಲ್ಕನೇ ಕ್ಲಾಸು, ಎರಡನೇ ಕ್ಲಾಸು ಎಂದು ಬರೆದೂ ಕೊಟ್ಟರು.

ವಾಪಸು ಹೋಗಲು, ದಾಸರಹಳ್ಳಿ ದಾಟಿ ಇನ್ನೂ ದೂರ ಹೋಗುವ ನೆಲಮಂಗಲದ ಬಸ್ಸು ಸಿಕ್ಕಿತು. ಮಕ್ಕಳ ಗಂಟಲಿಗೆ ಈಗ ಹಿಡಿತವೇ ಇಲ್ಲ. ಕಿಟಕಿಗೆ ಮುಖ ಒತ್ತಿ, ಎದುರಿಗೆ ಬರುವ ಲಾರಿಗಳಿಗೆಲ್ಲ ಮಗ್ಗಿ ಕೂಗತೊಡಗಿದರು. ಹಿಂದೆ ಯಾರೋ ಗೊಣಗಿದರು, ಕೋಳಿಬುಟ್ಟಿಯ ಮುದುಕಿ ನಕ್ಕಳು. ಮುಂದೇನು ಕಲಿಸಬೇಕೆಂದು ಎಂದಿನಂತೆ ಲೆಕ್ಕ ಹಾಕಲು ಹೊರಟ ಪ್ರಭಾಳಿಗೆ ಏನೂ ಹೊಳೆಯಲಿಲ್ಲ. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ, ಆ ಗದ್ದಲದ ನಡುವೆಯೇ, ಅವಳ ತಲೆ ಗಂಡನ ಹೆಗಲಿಗೆ ವಾಲಿತು.

"ದಾಸರಹಳ್ಳಿ, ಯಾರ್ರೀ ದಾಸರಹಳ್ಳಿ?" ಎಂದು ಕಂಡಕ್ಟರ್ ಕೂಗಿದ. ಜಯಸಿಂಹ ಹೆಂಡತಿಯನ್ನು ಎಬ್ಬಿಸಲು ಕೈಯೆತ್ತಿದ. ಮಗ್ಗಿ ಥಟ್ಟನೆ ನಿಂತಿತು. ಕಿಟಕಿಯಿಂದ ತಿರುಗಿದ ವೇಣಿ ಕಂಡಕ್ಟರನಿಗೂ ಅಪ್ಪನಿಗೂ ಸೇರಿಸಿ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅಮ್ಮ ಮಲಗಿದಾಳೆ."

ಜಯಸಿಂಹ ಎತ್ತಿದ ಕೈಯನ್ನು ಹಾಗೇ ಜೇಬಿಗೆ ಇಳಿಸಿದ. ಮೂರು ವರ್ಷ ತನ್ನ ನಿದ್ದೆಗಾಗಿ ಮನೆಯವರು ಮಾತಾಡಿದ ದನಿಯಲ್ಲೇ ಕಂಡಕ್ಟರನಿಗೆ ಪಿಸುಗುಟ್ಟಿದ:

"ನೆಲಮಂಗಲಕ್ಕೆ ಕೊಡಿ. ಎರಡು ಫುಲ್, ಎರಡು ಹಾಫ್."