ಜಮಾದಾರರ ಬೆತ್ತ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಮ್ಮ ಓಣಿಯಲ್ಲೊಬ್ಬರು ಜಮಾದಾರರಿದ್ದರು. ನಿಜಾಮರ ಪೊಲೀಸಿನಲ್ಲಿ ದುಡಿದು ಮನೆ ಸೇರಿದ್ದ ಅವರು ಕುರಿ ಕಾಯುವವರ ನಾಯಿಗಳನ್ನು ಪಳಗಿಸಿ ಕೊಡುತ್ತಿದ್ದರು. ನಾಯಿಯ ಕುತ್ತಿಗೆಯನ್ನು ಮೊಣಕಾಲಿನಿಂದ ನೆಲಕ್ಕೊತ್ತಿ ಬೆತ್ತ ಬೀಸುವರು, ಆಮೇಲೆ ನಿಧಾನವಾಗಿ ಮೀಸೆ ಒರೆಸಿಕೊಳ್ಳುವರು. "ಮಾಲಕ ಯಾರಂತ ಅದಕ್ಕ ತಿಳೀಬೇಕ್ರಿ" ಎಂಬುದು ಅವರ ದಿನದ ಮಾತು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಬಿಡುತ್ತಿರಲಿಲ್ಲ. "ಅದಕ್ಕ ನೀವಲ್ರಿ, ನಿಮ್ಮ ಬೆತ್ತ ಮಾಲಕ ಆಗ್ಯದ."

"ಮೊದಲ ಒಂದು ನಾಯಿ ಸಾಕು, ಆಮ್ಯಾಲ ವಾದ ಮಾಡು" ಎಂದು ಅವರು ನಗುತ್ತಿದ್ದರು.

ಒಂದು ದಿನ ಕಮಠಾಣದ ಕುರಿಗಾರ್ತಿಯೊಬ್ಬಳು ತನ್ನ ನಾಯಿಯನ್ನು ಒಯ್ಯಲು ಬಂದಳು. ಕುರಿಕಳ್ಳರ ಹಾವಳಿಯ ಕಾಲ. ಮರುದಿನವೇ ಅವಳ ಹಿಂಡು ಸಂತಪುರದ ಕಡೆ ಮೇಯಲು ಹೊರಡಬೇಕಿತ್ತು.

ಕಲಿಸಿದ್ದನ್ನು ತೋರಿಸಲು ಜಮಾದಾರರು ಬೆತ್ತ ಎತ್ತಿದರು. ನಾಯಿ ಹೊಟ್ಟೆಯೂರಿ ಮಲಗಿತು. ಅವಳು ಅದನ್ನೇ ನೋಡುತ್ತ ತನ್ನ ಕೋಲನ್ನು ನನ್ನ ಕೈಗಿಟ್ಟಳು. "ತಮ್ಮಾ, ಈಗ ನೀ ಎತ್ತು."

ಎತ್ತಿದೆ. ಎಂದೂ ನನ್ನನ್ನು ಕಂಡಿರದ ನಾಯಿ ನನ್ನೆದುರೂ ಹಾಗೇ ಮಲಗಿತು.

"ಇವನೂ ಮಾಲಕ ಏನ್ರಿ, ಜಮಾದಾರ ಸಾಬ? ಕಳ್ಳನೂ ಕೋಲು ಹಿಡಕೊಂಡೇ ಬರ್ತಾನ."

ಅಷ್ಟರಲ್ಲಿ ಬಾಗಿಲಲ್ಲಿ ಕಟ್ಟಿದ್ದ ಅವರದೇ ಮನೆಯ ನಾಯಿ ನನ್ನ ಕೋಲು ಕಂಡು ಹಗ್ಗ ಹರಿಯುವ ಹಾಗೆ ಬೊಗಳತೊಡಗಿತು.

"ಅದಕ್ಕ ಯಾರ್ ಕಲಿಸ್ಯಾರ್ರಿ?" ಎಂದಳು ಕುರಿಗಾರ್ತಿ.

"ಅದಕ್ಕ ಕೈ ಹಚ್ಚಗೊಡೂದಿಲ್ಲ ನಮ್ಮಾಕಿ."

"ಹಂಗಾದ್ರ ನನಗ ಅದನ್ನೇ ಕೊಡ್ರಿ."

ಜಮಾದಾರರು ಮೀಸೆ ಮುಟ್ಟಲಿಲ್ಲ. ಬೆತ್ತವನ್ನು ಕಟ್ಟೆಯ ಮೇಲಿಟ್ಟು, ಹೆಂಡತಿಯ ಅಪ್ಪಣೆ ಕೇಳಲು ಒಳಗೆ ಹೋದರು.