ಆರು ಜೊತೆ ಕಾಲು

ಬಲಗಣ್ಣನ್ನು ಮೈಕ್ರೋಸ್ಕೋಪಿನ ಕೊಳವೆಗೆ ಒತ್ತಿದಾಗಲೂ ಅಕ್ಕನ ಎಡಗಣ್ಣು ಮುಚ್ಚುತ್ತಿರಲಿಲ್ಲ. ಅದು ಅಗಲವಾಗಿ ತೆರೆದುಕೊಂಡು ಪಕ್ಕದ ಬಿಳಿ ಹಾಳೆಯ ಮೇಲೆ ನೆಟ್ಟಿರುತ್ತಿತ್ತು. ಒಂದು ಕಣ್ಣಿಗೆ ಹುಳ, ಇನ್ನೊಂದಕ್ಕೆ ಹಾಳೆ. ಎರಡೂ ಒಳಗೆಲ್ಲೋ ಕೂಡಿಕೊಂಡು, ಹುಳ ಹಾಳೆಯ ಮೇಲೇ ಬಂದು ಮಲಗಿದಂತೆ ಅವರಿಗೆ ಕಾಣುತ್ತಿತ್ತಂತೆ. ಎಲೆಯಡಿಕೆಯನ್ನು ದವಡೆಗೊತ್ತಿ, ಉಸಿರು ಬಿಗಿಹಿಡಿದು, ಅದರ ಅಂಚಿನಗುಂಟ ಪೆನ್ಸಿಲ್ ಓಡಿಸುತ್ತಿದ್ದರು. ನಾನೂ ಈ ವಿದ್ಯೆ ಕಲಿಯಬೇಕೆಂದು ಯಾರಿಗೂ ಗೊತ್ತಾಗದಂತೆ ಲ್ಯಾಬಿನ ಬಾಗಿಲು ಹಾಕಿಕೊಂಡು ಎಷ್ಟೋ ಸಲ ಹೆಣಗಿದ್ದೇನೆ. ತಲೆನೋವು ಬಂತೇ ಹೊರತು ಹುಳ ಹಾಳೆಗೆ ಇಳಿಯಲಿಲ್ಲ.

ಇದು ಅರವತ್ತರ ದಶಕದ ನಡುವಿನ ಮಾತು. ಸಾಗರದ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೋಣಂದೂರಿನ ಹತ್ತಿರದ ಗದ್ದೆ-ತೋಟದವರ ಮನೆಯ ಮಗ, ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ ಬೇರೆ. ಅಕ್ಕ ನಮ್ಮ ಲ್ಯಾಬಿನಲ್ಲಿ ಬಾಟಲಿ, ಗಾಜಿನ ತಟ್ಟೆ ತೊಳೆಯುತ್ತಿದ್ದವರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಅವರ ಊರು ಮುಳುಗಿತ್ತು. ಗಂಡ ಮೊದಲೇ ತೀರಿಕೊಂಡಿದ್ದ. ತಮ್ಮನ ಸಂಸಾರದ ಜೊತೆ ಸಾಗರಕ್ಕೆ ಬಂದು ನಿಂತಿದ್ದರು. ದೀವರ ಜನದ ಹೆಣ್ಣುಮಗಳು, ಹಸೆ ಚಿತ್ತಾರಕ್ಕೆ ಹೆಸರಾದವರು. ಮದುವೆಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಕೂದಲಿನಷ್ಟು ತೆಳ್ಳಗಿನ ಗೆರೆ ಎಳೆಯುತ್ತಿದ್ದರು. ಸುತ್ತಮುತ್ತ ಮದುವೆ ಗೊತ್ತಾದರೆ ಅವರಿಗೆ ಹೇಳಿಕಳಿಸುತ್ತಿದ್ದರು.

ಕಾಲೇಜಿನಲ್ಲಿ ಎಲ್ಲರಿಗೂ ಅವರು ಅಕ್ಕ. ನಾನು ಮಾತ್ರ ನನಗಿಂತ ಹದಿನೈದು ವರ್ಷ ದೊಡ್ಡವರನ್ನು "ಏ, ಬಾ ಇಲ್ಲಿ" ಎನ್ನುತ್ತಿದ್ದೆ. ಅವರಿಗೆ ಕಂಡದ್ದನ್ನೆಲ್ಲ ಎಣಿಸುವ ಚಟ. ಮೆಟ್ಟಿಲು, ಬೆಂಚು, ಬಾಟಲಿ, ಕಡೆಗೆ ನನ್ನ ಅಂಗಿಯ ಗುಂಡಿ. "ಮೇಷ್ಟ್ರೆ, ನಿನ್ನೆಗಿಂತ ಇವತ್ತು ಒಂದು ಕಮ್ಮಿ ಐತೆ," ಎಂದು ಹುಡುಗರ ಎದುರಿಗೇ ಹೇಳಿ ನನ್ನ ಮಾನ ಕಳೆಯುತ್ತಿದ್ದರು. ಯಾಕೆ ಹೀಗೆ ಎಣಿಸ್ತೀ ಎಂದರೆ, "ಎಣಿಸ್ದೆ ಬರೆದ್ರೆ ಅದು ಹಸೆ ಅಲ್ಲ, ಗೀಚು," ಎನ್ನುವರು. ಅಕ್ಷರ ಬಾರದು, ಜಂಬಕ್ಕೇನೂ ಕಮ್ಮಿಯಿರಲಿಲ್ಲ.

ನಮ್ಮ ಪ್ರೊಫೆಸರ್ ಮಂಗಳೂರಿನ ಕಡೆಯವರು. ಅವರ ಗೆಳೆಯರೊಬ್ಬರು ಸಮುದ್ರ ಸಂಶೋಧನೆಯ ಹಡಗಿನಲ್ಲಿದ್ದರು. ಒಂದು ದಿನ ಅವರಿಂದ ಹತ್ತಿಯಲ್ಲಿ ಸುತ್ತಿದ ಸಣ್ಣ ಬಾಟಲಿ ಬಂತು. ಒಳಗೆ ಸ್ಪಿರಿಟ್ಟಿನಲ್ಲಿ ಮುಳುಗಿದ ಒಂದೇ ಒಂದು ಪ್ರಾಣಿ, ಜೀರಿಗೆ ಕಾಳಿನಷ್ಟು ಉದ್ದ. ಏಡಿ ಸೀಗಡಿಗಳ ಬಳಗಕ್ಕೆ ಸೇರಿದ ಐಸೊಪಾಡ್. ಹಸಿ ಕಲ್ಲು ಎತ್ತಿದರೆ ಅಡಿಯಲ್ಲಿ ಹರಿದಾಡುತ್ತದಲ್ಲ, ಬೂದು ಬಣ್ಣದ ಚಪ್ಪಟೆ ಹುಳ, ಅದರ ದೂರದ ನೆಂಟ. ಇದು ಬೆಳಕೇ ಇಳಿಯದ ಆಳದ್ದು. ಮೈ ಬಿಳುಚು, ಕಣ್ಣೇ ಇಲ್ಲ. "ಇದು ಯಾವ ಪುಸ್ತಕದಲ್ಲೂ ಇಲ್ಲ ಮಾರಾಯ್ರೆ," ಎಂದರು ಪ್ರೊಫೆಸರ್. "ಹೊಸ ಜಾತಿಯೇ. ನೀವು ವಿವರ ಬರೆಯಿರಿ, ಚಿತ್ರ ಮಾಡಿ. ಇಬ್ಬರ ಹೆಸರಲ್ಲೂ ಅಚ್ಚು ಹಾಕಿಸುವ."

ಹೊಸ ಜಾತಿಯ ಹೆಸರಿನ ಹಿಂದೆ, ಅದನ್ನು ಮೊದಲು ವರ್ಣಿಸಿದವರ ಹೆಸರು ಸೇರಿಕೊಳ್ಳುತ್ತದೆ. ನಮ್ಮ ಕಾಲ ಮುಗಿದ ಮೇಲೂ ಅದು ಹಾಗೇ ಇರುತ್ತದೆ. ಅವತ್ತು ನನಗೆ ಊಟ ರುಚಿಸಲಿಲ್ಲ, ಅಷ್ಟು ಸಂಭ್ರಮ.

ಒಂದು ವಾರ ಕೂತು ಚಿತ್ರ ಬರೆದೆ. ಪ್ರೊಫೆಸರ್ ಹಾಳೆಯನ್ನು ಕಿಟಕಿಗೆ ಹಿಡಿದು, "ಇದೆಂಥ? ಹುಳವಾ, ಹಲಸಿನ ಬೀಜವಾ?" ಎಂದರು. ಮೂಲೆಯಲ್ಲಿ ಬಾಟಲಿ ತೊಳೆಯುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕರು. "ನಗುವುದಾದರೆ ನೀವೇ ಬರೆದು ತೋರಿಸಿ ಅಕ್ಕ," ಎಂದರು ಪ್ರೊಫೆಸರ್, ತಮಾಷೆಗೆ. ಅಕ್ಕ ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತೇಬಿಟ್ಟರು. ಸೆರಗಿನ ಗಂಟಿನಿಂದ ಪುಂಡಿ ನಾರು ತೆಗೆದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದರು. ಮೊದಲು ಪೆನ್ಸಿಲ್, ಅದರ ಮೇಲೆ ಕಪ್ಪು ಮಸಿ. ಹುಳದ ಒಂದು ಮೀಸೆಯನ್ನು ಗಿಣ್ಣು ಗಿಣ್ಣಾಗಿ, ಒಂದೊಂದು ಗಿಣ್ಣಿನ ಮೇಲಿನ ರೋಮವನ್ನೂ ಎಣಿಸಿ ಬರೆದರು. ಪ್ರೊಫೆಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹಾಳೆಯನ್ನು ಮತ್ತೆ ಕಿಟಕಿಗೆ ಹಿಡಿದು ಮೂರು ಸಲ ನೋಡಿದರು. ನನ್ನ ಎಂ.ಎಸ್ಸಿ. ಪ್ರಬಂಧವನ್ನೂ ಅವರು ಹಾಗೆ ನೋಡಿರಲಿಲ್ಲ.

ಮರುದಿನದಿಂದ ಕಿಟಕಿಯ ಪಕ್ಕದ ಜಾಗ ಅಕ್ಕನದಾಯಿತು. ಬಾಟಲಿ ತೊಳೆಯಲು ಬೇರೆಯವರು ಬಂದರು. ಪ್ರೊಫೆಸರ್ ತಮ್ಮ ಫ್ಲಾಸ್ಕಿನ ಕಾಫಿಯನ್ನು ಮೊದಲು ಅಕ್ಕನಿಗೆ ಬಗ್ಗಿಸುತ್ತಿದ್ದರು, ಆಮೇಲೆ ನನಗೆ. ಬೇರೆ ಡಿಪಾರ್ಟ್‌ಮೆಂಟಿನವರು ಬಂದು ಅಕ್ಕನ ಹಿಂದೆ ನಿಂತು ನೋಡಿ, ನನ್ನ ಕಡೆ ತಿರುಗದೇ ಹೋಗುತ್ತಿದ್ದರು. ನನಗೆ ಅವರ ಎಲೆಯಡಿಕೆಯ ವಾಸನೆ ಬಂದರೂ ಮೈ ಉರಿಯುತ್ತಿತ್ತು. ಅವರ ಕೈ ನಡುಗಲಿ, ಮಸಿ ಚೆಲ್ಲಲಿ ಎಂದು ಕಾಯುತ್ತಿದ್ದೆ. ನಡುಗಲಿಲ್ಲ, ಚೆಲ್ಲಲೂ ಇಲ್ಲ.

ಹುಳದ ಕಾಲು ಬರೆಯುವ ದಿನ ಬಂತು. ಐಸೊಪಾಡ್ ಅಂದರೆ ಏಳು ಜೊತೆ ಕಾಲು; ಕಾಲೇಜು ಸೇರಿದ ಹುಡುಗ ಮೊದಲ ವರ್ಷದಲ್ಲೇ ಕಲಿಯುವ ಪಾಠ. ಅಕ್ಕನ ಹಾಳೆಯಲ್ಲಿ ಆರೇ ಜೊತೆ ಇದ್ದವು.

"ಇನ್ನೊಂದು ಜೊತೆ ಎಲ್ಲಿ?" ಎಂದೆ.

"ಇದ್ಕೆ ಆರೇ ಮೇಷ್ಟ್ರೆ."

"ಏಳಿರಬೇಕು. ಪುಸ್ತಕದಲ್ಲಿದೆ. ಬರಿ."

"ಇರ್ಬೇಕು ಅಂತ ನೀವು ಹೇಳ್ತೀರಿ. ಹುಳ ಇಲ್ಲ ಅಂತೈತೆ. ಇಲ್ದಿರೋ ಕಾಲ ನಾ ಹ್ಯಾಂಗೆ ಬರೀಲಿ?"

ಮರಿಯಾಗಿದ್ದರೆ ಸರಿ, ಮರಿಗಳಿಗೆ ಕೊನೆಯ ಜೊತೆ ತಡವಾಗಿ ಮೂಡುತ್ತದೆ. ಆದರೆ ಇದರ ಎದೆಯ ಕೆಳಗೆ ಮೊಟ್ಟೆಯ ಚೀಲ ಇತ್ತು. ಬೆಳೆದ ಹೆಣ್ಣು. ಹಾಗಾದರೆ ಕಾಲು ಮುರಿದುಹೋಗಿರಬೇಕು, ಇಲ್ಲವೇ ನಾವ್ಯಾರೂ ಕೇಳರಿಯದ ಸಂಗತಿ ಇದು. ಎರಡರಲ್ಲಿ ಯಾವುದು ಎಂದು ನೋಡುವುದು ನನ್ನ ಕೆಲಸವಾಗಿತ್ತು. ನಾನು ನೋಡಲಿಲ್ಲ. ನೇರ ಪ್ರೊಫೆಸರರ ಕೋಣೆಗೆ ಹೋಗಿ, "ಸಾರ್, ಹುಳ ಹೊರಳಿಸುವಾಗ ಅವಳ ಸೂಜಿ ತಾಗಿ ಕಾಲು ಹೋಗಿದೆ. ನಾನೇ ಕಣ್ಣಾರೆ ನೋಡಿದೆ," ಎಂದುಬಿಟ್ಟೆ. ಹೇಳುವ ಮೊದಲು ಯೋಚಿಸಿದ್ದೆನೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಯೋಚಿಸಿದ್ದೆ. ಬಾಗಿಲ ಹತ್ತಿರ ಒಂದು ಗಳಿಗೆ ನಿಂತಿದ್ದೆ.

ಪ್ರೊಫೆಸರ್ ಓಡಿಬಂದು ತಟ್ಟೆಯಲ್ಲೆಲ್ಲ ಕಾಲು ಹುಡುಕಿದರು. ಸ್ಪಿರಿಟ್ ಬದಲಿಸುವಾಗ ಹೋಗಿರಬೇಕು ಎಂದೆ.

"ನಾ ಮುರಿದಿಲ್ಲ ಸಾಮಿ," ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀವು ನೋಡಿದ್ರಾ ಮೇಷ್ಟ್ರೆ?"

"ನೋಡಿದೆ."

ಹುಳವನ್ನು ನೋಡುವ ಹಾಗೇ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಕುಂಚ ತೊಳೆದು ತುರುಬಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ. ಹೊಸನಗರದ ಕಡೆ ತಂಗಿಯ ಮನೆಗೆ ಹೋದರಂತೆ.

ಕಿಟಕಿಯ ಪಕ್ಕದ ಜಾಗ ನನಗೆ ಸಿಕ್ಕಿತು. ನಾಲ್ಕು ದಿನ ಅಲ್ಲಿ ಸುಖವಾಗಿಯೇ ಕೂತೆ. ಐದನೆಯ ದಿನ ಹುಳವನ್ನು ಮಗ್ಗುಲಾಗಿಸಿ, ದೊಡ್ಡ ಮಸೂರದಲ್ಲಿ ಎದೆಯ ಕೊನೆಯ ಗಿಣ್ಣಿನ ಅಂಚನ್ನು ನೋಡಿದೆ. ಕಾಲು ಮುರಿದರೆ ಅದು ಕೂತಿದ್ದ ಕುಳಿ ಉಳಿಯಬೇಕು. ಕುಳಿ ಇರಲಿಲ್ಲ. ಎರಡೂ ಪಕ್ಕ ಚಿಪ್ಪು ನುಣ್ಣಗೆ ಮುಚ್ಚಿಕೊಂಡಿತ್ತು. ಆ ಜಾಗದಲ್ಲಿ ಕಾಲು ಹುಟ್ಟಿಯೇ ಇರಲಿಲ್ಲ. ಅಕ್ಕ ಹೇಳಿದ್ದೇ ಸರಿ. ನಾವು ಕಂಡಿದ್ದ ಎಲ್ಲ ಐಸೊಪಾಡ್‌ಗಳಿಗಿಂತ ಈ ಹುಳವನ್ನು ಬೇರೆ ಮಾಡುವ ಗುಣ ಅದೇ.

ನನ್ನ ಬಗ್ಗೆ ಒಳ್ಳೆಯದಾಗಿ ಹೇಳಿಕೊಳ್ಳಲು ಏನೂ ಇಲ್ಲ. ಅದನ್ನು ನಾನೇ ಕಂಡುಹಿಡಿದವನಂತೆ ಪ್ರೊಫೆಸರರಿಗೆ ತೋರಿಸಿದೆ. ಅವರು ಕುಣಿದಾಡುವುದೊಂದು ಬಾಕಿ. ಆಮೇಲೆ ಮುಖ ಗಂಭೀರವಾಯಿತು.

"ಕಾಲೇ ಇರಲಿಲ್ಲ ಅಂತಾದರೆ ಸೂಜಿ ತಾಗಿ ಮುರಿದದ್ದು ಯಾವುದು? ನೀವು ಕಣ್ಣಾರೆ ನೋಡಿದ್ದು ಎಂಥದ್ದು?"

ಅವರು ಕೂಗಾಡಲಿಲ್ಲ. "ಹೋಗಿ ಕರಕೊಂಡು ಬನ್ನಿ," ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಹೊಸನಗರದ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ಹೋದೆ. ಅಕ್ಕ ತಂಗಿಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಸಸಿ ಕೀಳುತ್ತಿದ್ದರು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಆ ಸಾಲು ಮುಗಿಯುವವರೆಗೆ ನಾನು ಅಂಚಿನ ಮೇಲೆ ನಿಂತಿದ್ದೆ, ಪ್ಯಾಂಟು ಮಡಚಿಕೊಂಡು. ಜೀವಮಾನದಲ್ಲಿ ಮೊದಲ ಸಲ ಅವರಿಗೆ "ಅಕ್ಕ, ನೀವು" ಎಂದೆ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ.

ಅವರು ಬೆನ್ನು ನೆಟ್ಟಗೆ ಮಾಡಿ ಸಸಿಯ ಕಟ್ಟನ್ನು ನೀರಿನಲ್ಲಿ ಜಾಲಿಸಿದರು. "ನಿಮ್ಗೆ ಹೊಟ್ಟೆಕಿಚ್ಚು ಅಂತ ನಂಗೆ ಮೊದ್ಲೇ ಗೊತ್ತಿತ್ತು ಮೇಷ್ಟ್ರೆ. ನಂಗೂ ಇತ್ತು."

"ನಿಮಗಾ? ನನ್ನ ಮೇಲಾ?"

"ಹ್ಞೂ ಮತ್ತೆ. ಅದ್ರ ಮೈಯಾಗೆ ಎಷ್ಟು ಕೂದ್ಲು ಐತೆ ಅಂತ ನಂಗೊತ್ತು. ಆದ್ರೆ ಅದ್ಕೆ ಹೆಸ್ರು ಇಡೋದು ನೀವು. ನಾ ಬರೆದಿದ್ದು ಯಾರ್ದು ಅಂತ ಓದೋರಿಗೆ ಹ್ಯಾಂಗೆ ತಿಳೀತದೆ? ಮುಳುಗಿದ ಊರ ಗೋಡೆ ಮೇಲೂ ಹಂಗೇ ಆತು. ಇಪ್ಪತ್ತು ಮನೆಗೆ ಬರೆದಿದ್ದೆ. ಈಗ ಯಾರು ಹೇಳ್ತಾರೆ?"

ಬರುತ್ತೇನೆ ಎಂದರು, ಒಂದು ಮಾತಿನ ಮೇಲೆ. ಸೂಜಿ ತಾಗಲಿಲ್ಲವೆಂದು ನಾನು ಲ್ಯಾಬಿನಲ್ಲಿ ಎಲ್ಲರ ಮುಂದೆ ಹೇಳಬೇಕು. ಹೇಳಿದೆ. ಹುಡುಗರು ತಲೆ ತಗ್ಗಿಸಿದರು, ಬಾಟಲಿ ತೊಳೆಯಲು ಹೊಸದಾಗಿ ಬಂದಿದ್ದ ಅಟೆಂಡರ್ ತಗ್ಗಿಸಲಿಲ್ಲ.

ಮುಂದಿನ ಎರಡು ತಿಂಗಳು ನನ್ನ ಕಲಿಕೆಯ ಕಾಲ ಎಂದೇ ಹೇಳಬೇಕು. ನಾನು ಬರೆದ ವಿವರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಕ್ಕ ಕೊಳವೆಗೆ ಕಣ್ಣಿಟ್ಟು ಕೇಳುತ್ತಿದ್ದರು. "ಬಾಲದ ತಟ್ಟೆಯ ಅಂಚಿನಲ್ಲಿ ಹನ್ನೊಂದು ರೋಮ," ಎಂದರೆ, "ಹನ್ನೆರಡು. ಒಂದು ಮಡಚ್ಕಂಡೈತೆ, ಸರಿಯಾಗಿ ನೋಡಿ." ನೋಡಿದರೆ ಹನ್ನೆರಡೇ. ಪುಸ್ತಕ ಮುಚ್ಚಿಟ್ಟು ಮೊದಲು ಪ್ರಾಣಿಯನ್ನು ನೋಡುವ ಅಭ್ಯಾಸ ನನಗೆ ಅಂಟಿದ್ದು ಅಲ್ಲಿ. ಮುಂದೆ ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟದ್ದೂ ಅದನ್ನೇ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಪ್ರತಿ ತಿದ್ದುಪಡಿಗೂ ಒಳಗೊಂದು ಕೆಂಡ ಕೆದರಿದಂತಾಗುತ್ತಿತ್ತು.

"ಚಿತ್ರಗಳ ಕೆಳಗೆ ಅಕ್ಕನ ಹೆಸರು ಹಾಕಿಸಿ," ಎಂದು ಹೇಳಿ ಪ್ರೊಫೆಸರ್ ವರ್ಗವಾಗಿ ಹೋದರು. ಅಚ್ಚಿನ ಕರಡು ನನ್ನ ಕೈಗೇ ಬಂತು. ಹೆಸರು ಹಾಕಲಿಲ್ಲ. ಕೊನೆಯ ಪುಟದ ಕೃತಜ್ಞತೆಯಲ್ಲಿ, ಚಿತ್ರಗಳಿಗೆ ನೆರವಾದ ಒಬ್ಬ ಲ್ಯಾಬೊರೇಟರಿ ಅಸಿಸ್ಟೆಂಟ್‌ಗೆ ವಂದನೆ ಎಂದು ಇಂಗ್ಲಿಷಿನಲ್ಲಿ ಬರೆದೆ, ಅಷ್ಟೇ. ಪ್ರೊಫೆಸರ್ ಕಾರ್ಡು ಬರೆದು ಕೇಳಿದರು. ಪ್ರೆಸ್ಸಿನವರ ತಪ್ಪು ಎಂದು ಉತ್ತರಿಸಿದೆ.

ಅಕ್ಕನೂ ಕೇಳಿದರು. "ನನ್ ಹೆಸ್ರು ಎಲ್ಲೈತೆ, ತೋರ್ಸಿ." ನಾನು ಲ್ಯಾಬೊರೇಟರಿ ಅಸಿಸ್ಟೆಂಟ್ ಎಂಬ ಎರಡು ಪದಗಳ ಕೆಳಗೆ ಬೆರಳಿಟ್ಟು, "ಇಲ್ಲಿ," ಎಂದೆ. ಅವರು ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದರು. ಆ ಹಾಳೆಯನ್ನು ಕೇಳಿ ಇಸಿದುಕೊಂಡು, ಮಡಚಿ ಸೆರಗಿಗೆ ಕಟ್ಟಿಕೊಂಡರು.

ಎರಡು ವರ್ಷದ ಮೇಲೆ ಹೊಸನಗರದ ಹತ್ತಿರ ನನ್ನ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋಗಿದ್ದೆ. ಒಳಗಿನ ಗೋಡೆಯ ತುಂಬ ಅಕ್ಕನ ಹಸೆ. ಮನೆಯ ಯಜಮಾನ ನನ್ನ ಕೈ ಹಿಡಿದು ಎಳೆದ. "ಅಕ್ಕ ಈಗ ಹಸೆ ಕೆಳಗೆ ಇಂಗ್ಲಿಷಲ್ಲಿ ತನ್ನ ಹೆಸ್ರು ಬರೀತಾಳೆ, ನೋಡಿದ್ರಾ ಮೇಷ್ಟ್ರೆ? ಸರಿ ಐತಾ?" ಬಲಗಡೆಯ ಮೂಲೆಯಲ್ಲಿ, ಕೂದಲಿನಷ್ಟು ತೆಳುವಾದ ಬಿಳಿ ಗೆರೆಯಲ್ಲಿ, ಅಚ್ಚಿನಕ್ಷರದ ಕೊಕ್ಕೆ ಸಮೇತ ಒಂದೂ ತಪ್ಪಿಲ್ಲದೆ ಬರೆದಿತ್ತು: ಲ್ಯಾಬೊರೇಟರಿ ಅಸಿಸ್ಟೆಂಟ್.

"ಸರಿ ಇದೆ," ಎಂದೆ. ಊಟಕ್ಕೆ ನಿಲ್ಲದೆ ಬಸ್ಸು ಹಿಡಿದೆ.

ಅಷ್ಟರಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಗಿತ್ತು. ಪ್ರತಿ ರಜೆಯಲ್ಲೂ ಸಾಗರಕ್ಕೆ ಹೋಗಿ, ಅದು ನಿಮ್ಮ ಹೆಸರಲ್ಲ ಎಂದು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಒಂದು ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಅವರ ತಮ್ಮ ಸಿಕ್ಕಿದ. ಅಕ್ಕ ಜ್ವರ ಬಂದು ತೀರಿಕೊಂಡು ತಿಂಗಳಾಯಿತು ಎಂದ. ಅವನ ಚೀಲವನ್ನು ಬಸ್ಸಿನ ಮೇಲೇರಿಸಿಕೊಟ್ಟೆ.

ನಾನು ನಿವೃತ್ತನಾದ ಮೇಲೆ ಒಬ್ಬಳು ಸಂಶೋಧಕಿ ನನ್ನನ್ನು ಹುಡುಕಿಕೊಂಡು ಬಂದಳು. ಸಮುದ್ರದ ಐಸೊಪಾಡ್‌ಗಳ ಮೇಲೇ ಅವಳ ಕೆಲಸ. ಸಂಕೋಚದಿಂದಲೇ ಹೇಳಿದಳು, "ಸಾರ್, ನಿಮ್ಮ ವಿವರಣೆಯಲ್ಲಿ ಕೆಲವು ಕಡೆ ತಪ್ಪಿದೆ. ಆದರೆ ಆ ಚಿತ್ರಗಳು! ಈಗಲೂ ನಾವು ಅವನ್ನೇ ಇಟ್ಟುಕೊಂಡು ನೋಡ್ತೀವಿ. ಯಾರು ಬರೆದದ್ದು?"

ತೀರಿಕೊಂಡು ಅಷ್ಟು ವರ್ಷವಾದ ಹೆಂಗಸಿನ ಮೇಲೆ ಆ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ನಾನೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿದ್ದು ಸುಳ್ಳಲ್ಲ. ನೀರು ಕುಡಿದೆ. ಆಮೇಲೆ ಅಕ್ಕನ ಹೆಸರು ಹೇಳಿದೆ, ತಂದೆಯ ಹೆಸರು ಹೇಳಿದೆ, ನೀರಿನಡಿ ಇರುವ ಊರಿನ ಹೆಸರು ಹೇಳಿದೆ. ಹುಡುಗಿ ನೋಟ್‌ಬುಕ್ ತೆಗೆದು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಇಸಿದುಕೊಂಡು ನೋಡಿದೆ. ಒಂದಕ್ಷರ ಬಿಟ್ಟಿದ್ದಳು. ಅವಳ ಪೆನ್ನು ತೆಗೆದುಕೊಂಡು ನಾನೇ ಸೇರಿಸಿದೆ.