ಬಸ್ಸಿನಲ್ಲಿ ನಿಂಗಪ್ಪನ ಗಟ್ಟಿ ಓದು

ಇವತ್ತು ಮಧ್ಯಾಹ್ನ ನಿಂಗಪ್ಪನನ್ನು ಕ್ಯಾಬಿನ್ನಿನಿಂದ ಹೊರಗೆ ಹಾಕಿದರು, ಗೆಳೆಯರೇ. ಕುವೈತಿನ ಮಹಬೂಲಾದಲ್ಲಿ ಕಟ್ಟಡ ಕಟ್ಟುವ ನಮ್ಮ ಸೈಟಿನಲ್ಲಿ ಬೇಸಿಗೆಯ ಮಧ್ಯಾಹ್ನ ಕೆಲಸವಿಲ್ಲ, ಎಲ್ಲರೂ ಕ್ಯಾಬಿನ್ನಿನ ಎಸಿಯಲ್ಲಿ ಮಲಗುತ್ತಾರೆ. ಕೊಪ್ಪಳ ಕಡೆಯ ಈ ನಲವತ್ತೊಂದು ವರ್ಷದ ಹೆಲ್ಪರ್ ಮಾತ್ರ ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಾನೆ. ಬಾಯಿಬಿಟ್ಟು ಓದದಿದ್ದರೆ ಅವನ ತಲೆಗೆ ಹೋಗುವುದಿಲ್ಲ.

“ಬಾ ಮಾರಾಯ, ಬಸ್ಸಲ್ಲಿ ಕೂತು ಓದು. ಇಲ್ಲಿ ನಂದೇ ರಾಜ್ಯ” ಎಂದು ಎಂಜಿನ್ ಚಾಲೂ ಮಾಡಿ ಎಸಿ ಹಾಕಿದೆ. ಕಂಪನಿ ಬಸ್ಸಿಗೆ ಡ್ರೈವರ್ ನಾನೇ.

ಸೂಪರ್‌ವೈಸರ್ ಪಾಟೀಲರು ಬಂದು ಬಾಗಿಲು ಬಡಿದರು. “ಡೀಸೆಲ್ ಯಾಕ ಸುಡಾಕತ್ತೀಯೋ?”

“ಬ್ಯಾಟರಿ ವೀಕ್ ಸರ್” ಎಂದು ಸುಳ್ಳು ಬಿಟ್ಟೆ.

ನಿಂಗಪ್ಪ ಎದ್ದು ನಿಂತ. “ಇಲ್ರೀ ಸಾಹೇಬ್ರ, ನನ್ನ ಓದಿನ ಸಲುವಾಗಿ ಹಚ್ಯಾರ. ಪಾಸಾದ್ರ ಸ್ಟೋರ್ ರೂಮಿನ ಕೆಲಸಕ್ಕ ಹಾಕ್ತೀನಿ ಅಂದೀರಲ್ಲ. ಎರಡ ಸಲ ಫೇಲ್ ಆಗೇನ್ರಿ. ಈ ಸಲ ಊರಿನ ರಜಾ ಪೂರಾ ಪರೀಕ್ಷಾಕ್ಕ ಇಟ್ಟೇನಿ.”

ಪಾಟೀಲರು ಅವನನ್ನೇ ನೋಡಿದರು. “ಓದಪಾ. ಆದ್ರ ಎಂಜಿನ್ ಬಂದ್, ಖಲಾಸ್.”

ವಿರಾಮ ಮುಗಿಯಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಹತ್ತು ನಿಮಿಷಕ್ಕೆ ಬಸ್ಸು ಒಲೆಯಾಯಿತು. ಇಳಿಯೋಣ ಎಂದೆ. ಅವನು ಕಿಟಕಿಗಳನ್ನೆಲ್ಲ ತೆರೆದು, ಬೆವರು ಪುಸ್ತಕದ ಮೇಲೆ ಬೀಳದಂತೆ ಹಣೆಗೆ ಟವೆಲ್ ಸುತ್ತಿ, ಬಿಟ್ಟ ಸಾಲಿನಿಂದಲೇ ಶುರು ಮಾಡಿದ. ಕೆಲಸಕ್ಕೆ ಕರೆಯುವವರೆಗೂ ನಿಲ್ಲಿಸಲಿಲ್ಲ.

ಶಾಲೆ ದೂರವಿತ್ತು, ಅದಕ್ಕೇ ಏಳನೇ ಕ್ಲಾಸಿಗೆ ಬಿಟ್ಟೆ ಎಂದು ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದವನು ನಾನು. ಇವತ್ತು ಅವನೆದುರು ಆ ಮಾತು ಬಾಯಿಗೆ ಬರಲಿಲ್ಲ. ಆದರೆ ಅವನು ಪಾಸಾದರೆ, ಓದಿಸಿದವನು ನಾನೇ ಎಂದು ಕುವೈತ್ ತುಂಬ ಹೇಳದೆ ನಾನು ಬಿಡುವವನಲ್ಲ.